ಆರನೆಯ ಕುಳಿಯ ದಿಬ್ಬ

ಗಾಲ್ಫ್ ಮೈದಾನದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು ಅದೂ ಇದೂ ಮಾತಾಡಿ ಕೊನೆಗೆ ಕೇಳುವುದು ಒಂದೇ: ಗುಡ್ಡದ ಮೇಲಿನ ಮೈದಾನದಲ್ಲಿ ಆಡಿಸುವುದು ಹೇಗೆ? ಸಪಾಟು ನೆಲದಲ್ಲಿ ಕೆಲಸ ಕಲಿತವರಿಗೆ ಏರಿಳಿತ ಕಂಡರೆ ಕೈಕಾಲು ಆಡುವುದಿಲ್ಲ. ನನ್ನ ಮೊಣಕಾಲುಗಳು ಹೋಗಿವೆ. ಜೊತೆಗೆ ಬಂದು ತೋರಿಸಲಾರೆ. ಹೇಳಿ ಹೇಳಿ ಬಾಯಿಯೂ ದಣಿದಿದೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಎಂದು ಕುಳಿತಿದ್ದೇನೆ.

ನಾನು ಮಾರ್ಕರ್ ಆಗಿದ್ದವನು. ಮಾರ್ಕರ್ ಅಂದರೆ ಆಡುವವರ ಜೊತೆ ನಡೆದು, ಚೆಂಡನ್ನು ಎಲ್ಲಿಗೆ ಹೊಡೆಯಬೇಕು, ಯಾವ ಕೋಲು ಹಿಡಿಯಬೇಕು ಎಂದು ಹೇಳುವವನು. ಅವನು ಆಡುವುದಿಲ್ಲ. ಗೆದ್ದರೆ ಆಟಗಾರ ಗೆದ್ದ ಹಾಗೆ, ಸೋತರೆ ಮಾರ್ಕರ್ ತಪ್ಪು ಹೇಳಿದ ಹಾಗೆ. ಇದನ್ನು ಮೊದಲ ದಿನವೇ ಒಪ್ಪಿಕೊಂಡವನು ಈ ಕೆಲಸದಲ್ಲಿ ಉಳಿಯುತ್ತಾನೆ. ಮುಂದೆ ದೊಡ್ಡ ಊರುಗಳ ಹಸಿರು ಮೈದಾನಗಳಲ್ಲಿಯೂ ನಾನು ದುಡಿದೆ. ಆದರೆ ಕಲಿತದ್ದೆಲ್ಲ ಶಿಗ್ಗಾಂವದ ಗುಡ್ಡದ ಮೇಲೆ.

ಶಿಗ್ಗಾಂವದಿಂದ ದುಂಡಸಿಗೆ ಹೋಗುವ ದಾರಿಯ ಎಡಕ್ಕೆ ಒಂದು ಬೋಳು ಗುಡ್ಡ. ಅದರ ಅರ್ಧ ಏರಿನಲ್ಲಿ ಸಾಹೇಬರುಗಳ ಕ್ಲಬ್ಬಿನ ಬಂಗಲೆ, ಗುಡ್ಡದ ಮೈಮೇಲೆ ಒಂಬತ್ತು ಕುಳಿಗಳ ಮೈದಾನ. ಹುಲ್ಲಿನ ಮೈದಾನವಲ್ಲ. ಮೊರಂ ಮಣ್ಣು, ಕಲ್ಲು, ನಡುವೆ ಜಾಲಿ. ಪ್ರತಿಯೊಂದು ಕುಳಿಯ ಸುತ್ತ ಮರಳಿಗೆ ಹಳೆಯ ಎಣ್ಣೆ ಕಲಸಿ ದಮ್ಮಸು ಮಾಡಿದ ಒಂದು ಕಂದು ವೃತ್ತ. ಒಂಬತ್ತೂ ಕುಳಿಗಳಿಗೆ ಚೆಂಡನ್ನು ಕಡಿಮೆ ಹೊಡೆತಗಳಲ್ಲಿ ಸೇರಿಸಿದವನು ಗೆದ್ದ. ಆಟ ಇಷ್ಟೇ. ಹತ್ತಿ ಜಿನ್ನುಗಳ ಮ್ಯಾನೇಜರರು, ಇಂಜಿನಿಯರರು, ದವಾಖಾನೆಯ ಬಿಳಿಯ ಡಾಕ್ಟರು, ಹುಬ್ಬಳ್ಳಿ ಕಡೆಯಿಂದ ಮೋಟಾರಿನಲ್ಲಿ ಬರುವ ಕೆಲವರು, ಇವರು ಅಲ್ಲಿಯ ಮೆಂಬರರು. ನಾನು ದುಂಡಸಿಯವನು. ಹೊಲ ಕಡಿಮೆ, ಅಣ್ಣತಮ್ಮಂದಿರು ಹೆಚ್ಚು. ಮದುವೆಯಾದ ವರ್ಷವೇ, ಮೂವತ್ತರ ದಶಕದ ಮೊದಲಿಗೆ, ಕೋಲುಗಳ ಚೀಲ ಹೊರುವ ಕೆಲಸಕ್ಕೆ ಅಲ್ಲಿ ಸೇರಿದೆ.

ಆಗ ಮಾರ್ಕರ್ ಆಗಿದ್ದವರು ಸವಣೂರಿನ ಖಾದರಸಾಬರು. ಉದ್ದನೆಯ ಮನುಷ್ಯ, ಬಿಳಿಯ ಗಡ್ಡ, ಮಾತು ಕಡಿಮೆ. ಮೊದಲ ವಾರ ನನಗೆ ಚೆಂಡು ನೋಡಲಿಕ್ಕೇ ಬಿಡಲಿಲ್ಲ.

"ಈರಪ್ಪ, ಚೆಂಡು ಎಲ್ಲಿಗೂ ಹೋಗೂದಿಲ್ಲ. ನೆಲ ನೋಡು. ನೆಲ ಹೇಳಿದಲ್ಲಿಗೆ ಅದು ಹೊಕ್ಕೈತಿ," ಅಂದರು.

ಹಾಗೆ ನೆಲ ನೋಡುತ್ತ ನಾನು ಕಲಿತದ್ದನ್ನು ಕುಳಿಯಿಂದ ಕುಳಿಗೆ ಹೇಳುತ್ತೇನೆ. ನನಗೆ ಬೇರೆ ರೀತಿಯಲ್ಲಿ ನೆನಪೂ ಬರುವುದಿಲ್ಲ.

ಮೊದಲನೆಯ ಕುಳಿ ಬಂಗಲೆಯ ಎದುರಿನಿಂದ ಕೆಳಕ್ಕೆ. ನೋಡಿದರೆ ಬಹಳ ಸುಲಭ. ಅದಕ್ಕೇ ಎಲ್ಲರೂ ದೊಡ್ಡ ಕೋಲು ಹಿಡಿದು ಮೈಯ ಬಲವೆಲ್ಲ ಹಾಕಿ ಹೊಡೆಯುತ್ತಾರೆ. ಇಳಿಜಾರಿನ ಮೊರಂ ಚೆಂಡನ್ನು ನಿಲ್ಲಗೊಡುವುದಿಲ್ಲ. ಉರುಳುತ್ತ ಹೋಗಿ ತಳದ ಹಳ್ಳದಲ್ಲಿ ಬೀಳುತ್ತದೆ. ಅಲ್ಲಿ ಸಣ್ಣ ಕೋಲು ಹಿಡಿಸಬೇಕು, ಜಾಲಿ ಗಿಡದ ಮಟ್ಟಕ್ಕೆ ನಿಲ್ಲಿಸಬೇಕು. ಸಣ್ಣ ಕೋಲು ಕೊಟ್ಟರೆ ಮೊದಲ ಹೊಡೆತದಲ್ಲೇ ಅವಮಾನವಾದಂತೆ ಮುಖ ಮಾಡುತ್ತಾರೆ. ಖಾದರಸಾಬರು ಸುಮ್ಮನೆ ಎರಡೂ ಕೋಲು ಮುಂದೆ ಹಿಡಿಯುತ್ತಿದ್ದರು. ದೊಡ್ಡದನ್ನು ತೆಗೆದುಕೊಂಡರೆ ನನ್ನನ್ನು ಮೊದಲೇ ಹಳ್ಳದ ಹತ್ತಿರ ಕಳಿಸಿಬಿಡುತ್ತಿದ್ದರು.

ಎರಡನೆಯದು ಏರು. ಕುಳಿ ಕಣ್ಣಿಗೆ ಹತ್ತಿರ ಕಾಣುತ್ತದೆ, ಹತ್ತಿರವಿಲ್ಲ. ಒಂದು ಕೋಲು ದೊಡ್ಡದೇ ಕೊಡಬೇಕು. ಕಡಿಮೆ ಹೊಡೆದರೆ ಚೆಂಡು ಏರಿನಲ್ಲಿ ಅರೆಗಳಿಗೆ ನಿಂತು, ಯೋಚನೆ ಮಾಡಿದಂತೆ ಮಾಡಿ, ತಿರುಗಿ ಹೊಡೆದವನ ಕಾಲಿಗೇ ಬರುತ್ತದೆ. ಒಬ್ಬ ಇಂಜಿನಿಯರ್ ಸಾಹೇಬರ ಚೆಂಡು ಹೀಗೆ ಮತ್ತೆ ಮತ್ತೆ ಬಂದು ಬೂಟಿಗೆ ತಾಗಿತು. ಕೊನೆಗೆ ಅವರು ಅದನ್ನು ಕೈಯಲ್ಲೆತ್ತಿಕೊಂಡು ಗುಡ್ಡ ಹತ್ತಿ, ಕುಳಿಯೊಳಗೆ ಹಾಕಿ, ಮುಂದೆ ನಡೆದರು. ಹಿಂದೆ ಬರುತ್ತಿದ್ದ ನಾವು ಯಾರೂ ನಗಲಿಲ್ಲ. ನಗದೆ ಇರುವುದೂ ಈ ಕೆಲಸದ ಒಂದು ಭಾಗ.

ಮೂರನೆಯದರಲ್ಲಿ ನೆಲ ಅಡ್ಡಕ್ಕೆ ವಾಲಿದೆ. ಕುಳಿಯ ಕಡೆಗೆ ಗುರಿ ಇಟ್ಟರೆ ಚೆಂಡು ಎಡಕ್ಕೆ ಜಾರಿ ಮುಳ್ಳಿನಲ್ಲಿ ಸೇರುತ್ತದೆ. ಬಲಗಡೆಯ ಕಪ್ಪು ಬಂಡೆಗೆ ಗುರಿ ಇಡಬೇಕು. ಕಣ್ಣೆದುರಿಗೆ ಕುಳಿ ಇರುವಾಗ ಬೇರೆ ಕಡೆಗೆ ಹೊಡೆ ಎಂದರೆ ನಂಬುವುದು ಕಷ್ಟ. ಒಮ್ಮೆ ಮುಳ್ಳಿನಿಂದ ಚೆಂಡು ಹೆಕ್ಕಿದ ಮೇಲೆ ನಂಬುತ್ತಾರೆ. ನಾಲ್ಕನೆಯದು ಕೊಳ್ಳದ ಮೇಲಿಂದ ಸಣ್ಣ ಹೊಡೆತ. ಅಲ್ಲಿ ಕಷ್ಟ ಕೊಳ್ಳದ್ದಲ್ಲ, ಹಾನಗಲ್ಲ ಕಡೆಯಿಂದ ಬೀಸುವ ಗಾಳಿಯದು. ಗಾಳಿ ಇದ್ದರೆ ಒಂದು ಕ್ಷಣ ತಡೆಯಿರಿ ಎನ್ನಬೇಕು, ಅಷ್ಟೆ. ಐದನೆಯದು ಗುಡ್ಡದ ಬೆನ್ನಿನ ಮೇಲೆ ಉದ್ದಕ್ಕೆ ಹೋಗುತ್ತದೆ. ಅದರ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ಬಿಸಿಲಲ್ಲಿ ಚೀಲ ಭಾರವಾಗುತ್ತದೆ, ನಡೆಯಬೇಕು.

ಆರನೆಯದಕ್ಕೆ ಬರುತ್ತೇನೆ.

ಅಲ್ಲಿ ಹೊಡೆಯುವ ಜಾಗಕ್ಕೂ ಕುಳಿಗೂ ನಡುವೆ ಒಂದು ಕಲ್ಲಿನ ದಿಬ್ಬ. ಕುಳಿ ಕಾಣುವುದಿಲ್ಲ. ದಿಬ್ಬದ ಆಚೆ ತಗ್ಗು. ಆ ತಗ್ಗಿನಲ್ಲಿ ಒಂದು ಕಾಲುದಾರಿ. ಗುಡ್ಡದ ಹಿಂದಿನ ಹಳ್ಳಿಗಳ ಹೆಂಗಸರು ಹುಲ್ಲು, ಕಟ್ಟಿಗೆ ಹೊತ್ತು ಶಿಗ್ಗಾಂವದ ಸಂತೆಗೆ ಹೋಗುವ ದಾರಿ ಅದು. ಮೈದಾನ ಆಗುವ ಮುಂಚೆಯೂ ಇತ್ತು. ಬೇರೆ ದಾರಿ ಹಿಡಿದರೆ ಇಡೀ ಗುಡ್ಡ ಸುತ್ತಬೇಕು.

ನಾನು ಸೇರಿದಾಗ ಆ ದಾರಿಯಿಂದ ಯಾರಿಗೂ ತೊಂದರೆ ಇರಲಿಲ್ಲ. ಆಗಿನ ಕೋಲುಗಳಿಗೆ ಕಟ್ಟಿಗೆಯ ಹಿಡಿಕೆ. ಎಂಥ ಬಲಶಾಲಿ ಹೊಡೆದರೂ ಒಂದೇ ಏಟಿಗೆ ದಿಬ್ಬ ದಾಟುತ್ತಿರಲಿಲ್ಲ. ಮೊದಲ ಹೊಡೆತಕ್ಕೆ ಚೆಂಡು ದಿಬ್ಬದ ನೆತ್ತಿಗೆ ಬರುತ್ತಿತ್ತು. ಆಟಗಾರ ನೆತ್ತಿಗೆ ಬಂದು, ಕೆಳಗಿನ ದಾರಿ ನೋಡಿ, ಜನ ಇದ್ದರೆ ನಿಂತು, ಆಮೇಲೆ ಹೊಡೆಯುತ್ತಿದ್ದ. ಕೆಲವು ವರ್ಷಗಳ ನಂತರ ಉಕ್ಕಿನ ಹಿಡಿಕೆಯ ಕೋಲುಗಳು ಬಂದವು. ಹೊಳೆಯುವ ಕೋಲುಗಳು, ಬಾಗುತ್ತಿರಲಿಲ್ಲ, ಮುರಿಯುತ್ತಿರಲಿಲ್ಲ. ಚೆಂಡು ಮೊದಲಿಗಿಂತ ಬಹಳ ದೂರ ಹೋಗತೊಡಗಿತು. ಆಗ ಒಬ್ಬೊಬ್ಬರಿಗೂ ಒಂದೇ ಏಟಿಗೆ ದಿಬ್ಬ ದಾಟಿಸುವ ಹುಚ್ಚು ಹಿಡಿಯಿತು. ದಾಟಿದವರು ಸಂಜೆ ಬಂಗಲೆಯ ವರಾಂಡದಲ್ಲಿ ಅದನ್ನೇ ಹೇಳಿಕೊಂಡು ಕುಳಿತಿರುತ್ತಿದ್ದರು.

ಖಾದರಸಾಬರು ಕ್ಲಬ್ಬಿನ ಸೆಕ್ರೆಟರಿ ಸಾಹೇಬರಿಗೆ ಹೇಳಿದರು, ಹೀಗೆ ಕಾಣದೆ ಹೊಡೆದರೆ ಒಂದು ದಿನ ಅನಾಹುತ ಆಗುತ್ತದೆ ಎಂದು. ಸೆಕ್ರೆಟರಿ ಸಾಹೇಬರು ಹಳೆಯ ದಂಡಿನವರು, ಒಂದು ಕಾಲು ಕುಂಟು, ಕೆಟ್ಟ ಮನುಷ್ಯರಲ್ಲ. ಯೋಚಿಸಿ, ದಿಬ್ಬದ ನೆತ್ತಿಯ ಮೇಲೆ ಒಬ್ಬರು ಕೆಂಪು ಬಾವುಟ ಹಿಡಿದು ನಿಲ್ಲಲಿ ಅಂದರು. ಬಾವುಟ ಮೇಲಿದ್ದರೆ ದಾರಿಯಲ್ಲಿ ಜನ ಇದ್ದಾರೆ, ಇಳಿಸಿದರೆ ಹೊಡೆಯಬಹುದು. ಆ ಕೆಲಸ ಖಾದರಸಾಬರ ಮೇಲೆಯೇ ಬಿತ್ತು. ಆಟಗಾರರ ಜೊತೆ ನಡೆಯುವ ಕೆಲಸ ಮೆಲ್ಲಗೆ ನನ್ನ ಪಾಲಿಗೆ ಬಂತು.

ಹುಬ್ಬಳ್ಳಿಯ ಒಂದು ಹತ್ತಿ ಕಂಪನಿಯ ಏಜೆಂಟ್ ಒಬ್ಬರಿದ್ದರು, ಫಿಂಚ್ ಅಂತ. ನಮ್ಮವರ ಬಾಯಲ್ಲಿ ಪಿಂಚಿ ಸಾಹೇಬ. ಮೈಕಟ್ಟು ಗಟ್ಟಿ, ತಾಳ್ಮೆ ಇಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಅವರ ಜೊತೆಗಿದ್ದೆ. ಐದನೆಯದರಲ್ಲಿ ಆಟ ಕೆಟ್ಟಿತ್ತು, ಮುಖ ಕೆಂಪಾಗಿತ್ತು. ಆರನೆಯದಕ್ಕೆ ಬಂದರೆ ದಿಬ್ಬದ ಮೇಲೆ ಖಾದರಸಾಬರು ಬಾವುಟ ಎತ್ತಿ ನಿಂತಿದ್ದರು. ಸಾಹೇಬರು ಸ್ವಲ್ಪ ಹೊತ್ತು ನಿಂತರು. ಆಮೇಲೆ, ಆ ಮುದುಕ ಯಾವಾಗಲೂ ಬಾವುಟ ಎತ್ತಿಯೇ ಇರುತ್ತಾನೆ ಎಂದು ಗೊಣಗಿ ಕೋಲು ಎತ್ತಿದರು.

"ಸಾಹೇಬರ, ಬಾವುಟ ಮ್ಯಾಲೈತ್ರಿ," ಎಂದೆ.

ಅಷ್ಟರಲ್ಲಿ ಹೊಡೆದಾಗಿತ್ತು. ಒಳ್ಳೆಯ ಹೊಡೆತ. ಚೆಂಡು ಖಾದರಸಾಬರ ತಲೆಯ ಮೇಲಿಂದ ದಾಟಿತು. ಅವರು ಆಚೆ ಕಡೆಗೆ ತಿರುಗಿ ಕೂಗಿದ್ದು ಕೇಳಿಸಿತು. ಆ ಕೂಗು ಮಧ್ಯದಲ್ಲಿ ನಿಂತಿತು. ನಾನು ಚೀಲ ಬಿಟ್ಟು ಓಡಿದೆ.

ತಗ್ಗಿನ ದಾರಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಹುಲ್ಲಿನ ಹೊರೆ ಬಿಚ್ಚಿ ಹರಡಿತ್ತು. ಎಡಗಣ್ಣಿನ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು, ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಅಳುತ್ತಿರಲಿಲ್ಲ. ನಮ್ಮನ್ನು ಕಂಡು, "ಏನದು? ಏನು ಬಡೀತು ನನಗ?" ಎಂದು ಕೇಳಿದಳು. ಆಕೆ ಫಕೀರವ್ವ. ಗುಡ್ಡದ ಹಿಂದಿನ ಹಳ್ಳಿಯವಳು, ಗಂಡ ಸತ್ತವಳು, ದಿನಾ ಅದೇ ದಾರಿಯಲ್ಲಿ ಹುಲ್ಲು ಒಯ್ಯುವವಳು. ನಾನು ಹುಲ್ಲಿನಲ್ಲಿ ಬಿದ್ದಿದ್ದ ಬಿಳಿಯ ಚೆಂಡನ್ನು ತೋರಿಸಿದೆ. ಆಕೆ ಅದನ್ನು ಉಳಿದ ಕಣ್ಣಿನಿಂದ ನೋಡಿದಳು. ಅದೇನೆಂದು ಆಕೆಗೆ ತಿಳಿಯಲಿಲ್ಲ.

ಸಾಹೇಬರದೇ ಮೋಟಾರಿನಲ್ಲಿ ದವಾಖಾನೆಗೆ ಒಯ್ದರು. ಅಷ್ಟು ಮಾಡಿದರು ಎಂಬುದನ್ನು ಹೇಳಲೇಬೇಕು. ಕಣ್ಣು ಉಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ಬಂಗಲೆಯಲ್ಲಿ ವಿಚಾರಣೆ ಆಯಿತು. ಬಾವುಟ ಸರಿಯಾಗಿ ಕಾಣುವಂತೆ ಎತ್ತಿರಲಿಲ್ಲ ಎಂದು ಪಿಂಚಿ ಸಾಹೇಬರು ಹೇಳಿದರು. ನನ್ನನ್ನು ಕರೆದರು. ಬಾವುಟ ಎತ್ತಿತ್ತು, ನಾನು ಸಾಹೇಬರಿಗೆ ಹೇಳಿಯೂ ಹೇಳಿದೆ ಎಂದು ನಿಂತು ಹೇಳಿದೆ. ಸೆಕ್ರೆಟರಿ ಸಾಹೇಬರು ನನ್ನ ಮುಖ ನೋಡದೆ ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಆಯಿತು, ಹೋಗು ಅಂದರು. ಮರುದಿನ ಖಾದರಸಾಬರನ್ನು ಕೆಲಸದಿಂದ ತೆಗೆದರು.

ನಾನು ಮತ್ತೆ ಹೋಗಿ ಹೇಳುತ್ತೇನೆ ಎಂದು ಹೊರಟಿದ್ದೆ. ಖಾದರಸಾಬರೇ ತಡೆದರು. ತಮ್ಮ ಗಂಟು ಕಟ್ಟುತ್ತ, "ಒಮ್ಮೆ ಹೇಳಿದಿ, ಅವ್ರು ಕೇಳಿದ್ರು. ಇನ್ನೊಮ್ಮೆ ಹೇಳಿದ್ರ ನೀನೂ ನನ್ನ ಸಂಗಾಟ ಸವಣೂರಿಗೆ ಬರಬೇಕಾಕ್ಕೈತಿ. ಅಲ್ಲಿ ನನ್ನ ತಮ್ಮನ ತೋಟದಾಗ ಇಬ್ಬರಿಗೆ ಕೆಲಸ ಇಲ್ಲ," ಅಂದರು. ನಗುತ್ತ ಹೇಳಿದರು. ಗಂಟಿನ ತುದಿಯನ್ನು ಮಾತ್ರ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು.

ನನ್ನನ್ನು ಮಾರ್ಕರ್ ಮಾಡಿದರು. ಇಂಥದನ್ನು ಬಡ್ತಿ ಅನ್ನುತ್ತಾರೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಬಾವುಟಕ್ಕೆ ಮತ್ತೊಬ್ಬರನ್ನು ಹುಡುಕುತ್ತಿದ್ದಾಗ ಒಂದು ಮುಂಜಾನೆ ಫಕೀರವ್ವ ಬಂಗಲೆಯ ಮುಂದೆ ಬಂದು ನಿಂತಳು. ಸೆರಗನ್ನು ಎಡಗಣ್ಣು ಮುಚ್ಚುವಂತೆ ಹೊದ್ದುಕೊಂಡಿದ್ದಳು. ಸೆಕ್ರೆಟರಿ ಸಾಹೇಬರು ಕೋಲೂರುತ್ತ ಹೊರಗೆ ಬಂದರು. ಏನು ಬೇಕು ಕೇಳು ಎಂದು ನನಗೆ ಹೇಳಿದರು.

"ಮುದುಕನ್ನ ತೆಗದಾರಂತಲ್ಲ. ಆ ಬಾವುಟಾ ಹಿಡಿಯೂ ಕೆಲಸ ನನಗ ಕೊಡ್ರಿ," ಅಂದಳು.

ನಾನು ಬಲ್ಲ ಇಂಗ್ಲಿಷಿನಲ್ಲಿ ಸಾಹೇಬರಿಗೆ ತಿಳಿಸಿ ಹೇಳಿದೆ. ಸಾಹೇಬರು ತಡವರಿಸಿ, ಒಂದೇ ಕಣ್ಣಿನವಳು ಹೇಗೆ ಕಾಯುತ್ತಾಳೆ ಎಂದು ಕೇಳಿದರು. ಅದನ್ನೂ ನಾನು ಆಕೆಗೆ ತಿಳಿಸಿ ಹೇಳಬೇಕಾಯಿತು.

"ಎರಡು ಕಣ್ಣು ಇದ್ದವ್ರು ನೋಡಿದ್ದು ಆತಲ್ರಿ," ಅಂದಳು ಫಕೀರವ್ವ.

ಆ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಸಾಹೇಬರೂ ಕೇಳಲಿಲ್ಲ. ನಾಳೆಯಿಂದ ಬರಲಿ ಅಂದು ಒಳಗೆ ಹೋದರು.

ಆಕೆ ಬಂದಳು. ದಿಬ್ಬದ ನೆತ್ತಿಯ ಮೇಲೆ ಒಂದು ಚಪ್ಪಟೆ ಕಲ್ಲು ಹುಡುಕಿ ಕುಳಿತಳು. ಅಂದಿನಿಂದ ಆರನೆಯ ಕುಳಿಯ ಆಟವೇ ಬದಲಾಯಿತು. ದಾರಿಯಲ್ಲಿ ಒಂದು ಕುರಿಮರಿ ಇದ್ದರೂ ಬಾವುಟ ಇಳಿಯುತ್ತಿರಲಿಲ್ಲ. ಎಮ್ಮೆ ನಿಂತರೆ ಎಮ್ಮೆ ಹೋಗುವವರೆಗೆ ಕಾಯಬೇಕು. ಹೆಂಗಸರಂತೂ ತಗ್ಗಿನಲ್ಲಿ ಹೊರೆ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ಫಕೀರವ್ವನ ಜೊತೆ ಕೂಗಿ ಕೂಗಿ ಮಾತಾಡಿ, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಇತ್ತ ಸಾಹೇಬರುಗಳು ಬಿಸಿಲಲ್ಲಿ ಕೋಲು ಹಿಡಿದು ನಿಂತಿರುತ್ತಿದ್ದರು. ಹಿಂದಿನಿಂದ ಬಂದ ಜೋಡಿ ಕೂಡಿಕೊಳ್ಳುತ್ತಿತ್ತು. ಕೆಲವು ದಿನ ಆರನೆಯ ಕುಳಿಯ ಹತ್ತಿರ ಸಂತೆ ನೆರೆದ ಹಾಗೆ ಆಗುತ್ತಿತ್ತು.

ಒಂದು ದಿನ ನಾನು ದಿಬ್ಬ ಹತ್ತಿ ನೋಡಿದೆ. ದಾರಿಯಲ್ಲಿ ಒಂದು ಇರುವೆಯೂ ಇರಲಿಲ್ಲ. ಬಾವುಟ ಮೇಲೆಯೇ ಇತ್ತು.

"ಅಕ್ಕ, ಯಾರೂ ಇಲ್ಲಲ್ಲ. ಯಾಕ ಇಳಸವೊಲ್ಲಿ?"

"ನನಗಿರೂದು ಒಂದ ಕಣ್ಣು ತಮ್ಮಾ. ಎರಡು ಸಲ ನೋಡಬೇಕಾಕ್ಕೈತಿ," ಅಂದಳು. ಮುಖದಲ್ಲಿ ನಗೆ ಇರಲಿಲ್ಲ. ತಿರುಗಿ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ಎರಡನೆಯ ಸಲ ನೋಡಿ ಬಾವುಟ ಇಳಿಸಿದಳು.

ದೂರುಗಳು ಹೋದವು. ಪಿಂಚಿ ಸಾಹೇಬರದೇ ಹೆಚ್ಚು. ಆದರೆ ಕಣ್ಣು ಕಳೆದವಳನ್ನು ಕೆಲಸದಿಂದಲೂ ಕಳೆಯಲು ಸೆಕ್ರೆಟರಿ ಸಾಹೇಬರಿಗೆ ಬಾಯಿ ಬರಲಿಲ್ಲ. ಚೀಲ ಹೊರುವ ಹುಡುಗರ ಮುಂದೆ ತೋರಿಕೆಗೆ ನನ್ನನ್ನು ಬೈದರು, ನಾನು ಹೂಂ ಅಂದೆ. ಆ ಬೈಗುಳವನ್ನು ಫಕೀರವ್ವನಿಗೆ ಮುಟ್ಟಿಸಲಿಲ್ಲ.

ನಾನು ಆ ದಿನಗಳಲ್ಲಿ ಆರನೆಯ ಕುಳಿಯ ಸುತ್ತ ಬಹಳ ತಿರುಗಾಡಿದೆ. ದಿಬ್ಬದ ಎಡಕ್ಕೆ ಒಂದು ತಟ್ಟು ಇದೆ, ಅಂಗಳದಷ್ಟು ಸಪಾಟಾದದ್ದು. ಮೊದಲ ಹೊಡೆತವನ್ನು ಅಲ್ಲಿಗೆ ಹಾಕಿದರೆ, ಎರಡನೆಯದಕ್ಕೆ ಕುಳಿ ಎದುರಿಗೇ ಕಾಣುತ್ತದೆ, ಕಾಲುದಾರಿಯೂ ಉದ್ದಕ್ಕೆ ಕಾಣುತ್ತದೆ. ಜನ ಇದ್ದರೆ ಆಟಗಾರನೇ ನೋಡಿ ನಿಲ್ಲಬಹುದು. ದಿಬ್ಬದ ಮೇಲಿಂದ ಹೊಡೆದವನಿಗೆ ಒಂದು ಹೊಡೆತ ಉಳಿಯಬಹುದು, ನಿಜ. ಆದರೆ ನಾಲ್ಕರಲ್ಲಿ ಮೂರು ಚೆಂಡು ದಿಬ್ಬದ ಕಲ್ಲಿಗೆ ತಾಗಿ ಎಲ್ಲಿಗೋ ಹೋಗುತ್ತವೆ. ಹಾಗಾಗಿ ನನ್ನ ಜೊತೆ ಬಂದವರಿಗೆಲ್ಲ ಎಡಕ್ಕೆ ಹೊಡೆಯಿರಿ ಎನ್ನತೊಡಗಿದೆ. ಯಾರೂ ಕೇಳಲಿಲ್ಲ. ಅದು ಮುದುಕರ ದಾರಿ ಅಂದರು. ನೇರವಾಗಿ ದಾಟಿಸುವುದರಲ್ಲಿ ಒಂದು ಗಂಡಸುತನ ಇತ್ತು. ಅದನ್ನು ಬಿಡಿಸುವುದು ಮಾರ್ಕರನ ಕೈಯಲ್ಲಿಲ್ಲ.

ಬಿಡಿಸಿದವರು ಹಿರೇಕೆರೂರ ಕಡೆಯ ಒಬ್ಬ ದೇಸಾಯರು. ದೊಡ್ಡ ಜಮೀನುದಾರರು, ಹತ್ತಿ ವ್ಯಾಪಾರದಲ್ಲಿ ಸಾಹೇಬರುಗಳಿಗೆ ಬೇಕಾದವರು. ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ಅತಿಥಿಯಾಗಿ ಆಡಲು ಅವರಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ನಮ್ಮವರು ಯಾರೂ ಆ ಮೈದಾನದಲ್ಲಿ ಆಡಿರಲಿಲ್ಲ. ಧೋತರ, ಕರಿ ಕೋಟು, ತಲೆಗೆ ರುಮಾಲು. ಆಟ ಸ್ವಲ್ಪವೇ ಬರುತ್ತಿತ್ತು. ಮೊದಲನೆಯ ಕುಳಿಯ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು.

"ಈರಪ್ಪ, ನನಗ ಗೆಲ್ಲೂದು ಬ್ಯಾಡ. ನಗಿಪಾಟಲು ಆಗಬಾರದು, ಅಷ್ಟ. ನೀ ಎಲ್ಲಿ ಅಂತೀ ಅಲ್ಲಿ ಹೊಡೀತೇನಿ."

ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಹೇಳಿದವರು, ಹೇಳಿದಂತೆ ನಡೆದವರು ಅವರೊಬ್ಬರೇ. ಮೊದಲನೆಯದರಲ್ಲಿ ಸಣ್ಣ ಕೋಲು ಹಿಡಿದರು, ಎರಡನೆಯದರಲ್ಲಿ ದೊಡ್ಡದು. ಮೂರನೆಯದರಲ್ಲಿ ಕಪ್ಪು ಬಂಡೆಗೆ ಗುರಿ ಇಟ್ಟರು. ಅವರ ಜೋಡಿಗೆ ಬಿದ್ದವರು ಪಿಂಚಿ ಸಾಹೇಬರು. ಐದು ಕುಳಿ ಮುಗಿದಾಗ ಸಾಹೇಬರು ಮುಂದಿದ್ದರು, ಆದರೆ ಬಹಳ ಮುಂದಿರಲಿಲ್ಲ. ಅದೇ ಅವರಿಗೆ ಸಿಟ್ಟು ತರಿಸಿತ್ತು.

ಆರನೆಯದರಲ್ಲಿ ಬಾವುಟ ಮೇಲಿತ್ತು. ಎಡಗಡೆ ಕಾಲುದಾರಿ ಇಲ್ಲದ್ದರಿಂದ ದೇಸಾಯರು ಬಾವುಟಕ್ಕೆ ಕಾಯದೆ ಅತ್ತ ಹೊಡೆದರು. ಚೆಂಡು ತಟ್ಟಿನ ಮೇಲೆ ಕುಳಿತಿತು. ಪಿಂಚಿ ಸಾಹೇಬರು ತಾವು ದಿಬ್ಬದ ಮೇಲಿಂದಲೇ ಹೊಡೆಯುವುದಾಗಿ ಹೇಳಿ, ಬಾವುಟ ಇಳಿಯುವಷ್ಟರಲ್ಲಿ ನೀವು ಮುಂದೆ ಹೋಗಿ ಎಂದರು. ದೇಸಾಯರು ತಟ್ಟಿಗೆ ಹೋಗಿ, ದಾರಿ ನೋಡಿದರು. ಹುಲ್ಲಿನ ಹೊರೆಯವರು ಸಾಲಾಗಿ ಹೋಗುತ್ತಿದ್ದರು. ಅವರು ದಾಟುವವರೆಗೆ ನಿಂತು, ಕುಳಿಯ ಕಡೆಗೆ ಹೊಡೆದು, ಇನ್ನೆರಡು ಸಣ್ಣ ಹೊಡೆತಗಳಲ್ಲಿ ಒಳಗೆ ಹಾಕಿದರು. ಆಮೇಲೆ ಬದಿಗೆ ಸರಿದು ಒಂದು ಕಲ್ಲಿನ ಮೇಲೆ ಕುಳಿತು ಕೋಟಿನ ಕಿಸೆಯಿಂದ ಶೇಂಗಾ ತೆಗೆದು ಸುಲಿಯತೊಡಗಿದರು. ದಿಬ್ಬದ ಮೇಲೆ ಬಾವುಟ ಹಾಗೆಯೇ ಇತ್ತು. ಫಕೀರವ್ವ ಎರಡನೆಯ ಸಲ ನೋಡುತ್ತಿದ್ದಳು.

ಬಾವುಟ ಇಳಿದಾಗ ಪಿಂಚಿ ಸಾಹೇಬರ ಬೆನ್ನ ಹಿಂದೆ ಮತ್ತೆರಡು ಜೋಡಿಗಳು ಬಂದು ನಿಂತಿದ್ದವು. ಅವರ ಎದುರಿಗೆ, ಸಿಟ್ಟಿನಲ್ಲಿ ಹೊಡೆದರು. ಚೆಂಡು ಕಲ್ಲಿಗೆ ತಾಗಿ ಕೊಳ್ಳದ ಕಡೆಗೆ ಹೋಯಿತು. ಮತ್ತೊಂದು ಹೊಡೆದರು, ಅದೂ ಹೋಯಿತು. ಆ ಒಂದು ಕುಳಿಯಲ್ಲಿ ಅವರು ಕಳೆದುಕೊಂಡದ್ದು ಕೊನೆಯವರೆಗೂ ತುಂಬಿ ಬರಲಿಲ್ಲ. ಪಂದ್ಯದ ಬಟ್ಟಲು ಬೇರೆ ಯಾರಿಗೋ ಹೋಯಿತು. ಆದರೆ ರುಮಾಲಿನ ದೇಸಾಯರು ಪಿಂಚಿಯನ್ನು ಸೋಲಿಸಿದ ಸುದ್ದಿ ಶಿಗ್ಗಾಂವದ ದಲಾಲಿ ಅಂಗಡಿಗಳಲ್ಲಿ ಒಂದು ತಿಂಗಳು ಓಡಾಡಿತು.

ಆಮೇಲೆ ಒಬ್ಬೊಬ್ಬರಾಗಿ ಎಡಕ್ಕೆ ಹೊಡೆಯತೊಡಗಿದರು. ನಾನು ಹೇಳಿದ್ದಕ್ಕಲ್ಲ. ಕಾಯುವುದು ಬೇಸರ, ಸೋಲುವುದು ಇನ್ನೂ ಬೇಸರ. ಒಂದು ಸಂಜೆ ಸೆಕ್ರೆಟರಿ ಸಾಹೇಬರು ಆರನೆಯದರ ಹತ್ತಿರ ನಿಂತು ಎಲ್ಲರ ಆಟ ನೋಡಿ ನನ್ನನ್ನು ಕೇಳಿದರು, ಎಡಗಡೆಯದು ಒಳ್ಳೆಯ ಆಟವೇ ಎಂದು.

ಇದಕ್ಕೆ ಏನು ಉತ್ತರ ಕೊಡಬೇಕೆಂದು ನಾನು ಬಹಳ ದಿನಗಳಿಂದ ಯೋಚಿಸಿಟ್ಟಿದ್ದೆ. ಕಣ್ಣಿನ ಮಾತು ಎತ್ತಲಿಲ್ಲ, ಖಾದರಸಾಬರ ಮಾತೂ ಎತ್ತಲಿಲ್ಲ. "ನೇರ ಹೊಡಿಲಿಕ್ಕೆ ಬಲ ಸಾಕ್ರಿ ಸಾಹೇಬರ. ಎಡಕ್ಕೆ ಹೊಡಿಲಿಕ್ಕೆ ಬುದ್ಧಿ ಬೇಕಾಗ್ತೈತ್ರಿ," ಅಂದೆ.

ಅವರಿಗೆ ಆ ಮಾತು ಹಿಡಿಸಿತು. ಮಳೆಗಾಲ ಕಳೆದ ಮೇಲೆ ಹೊಡೆಯುವ ಜಾಗವನ್ನೇ ಕೆಳಗೆ ಸರಿಸಿ, ದಿಬ್ಬದ ಮೇಲಿಂದ ಹೊಡೆಯಲಾಗದ ಹಾಗೆ ಮಾಡಿಸಿದರು. ಮೆಂಬರರ ಸಭೆಯಲ್ಲಿ ಇದು ಬುದ್ಧಿಯ ಕುಳಿ ಎಂದು ಅವರೇ ವಿವರಿಸಿದರಂತೆ. ಚಪ್ಪಾಳೆಯೂ ಆಯಿತಂತೆ. ಒಂದು ಕಣ್ಣು ಹೋದದ್ದಕ್ಕೆ ಬದಲಾಗದ ಕುಳಿ, ಆಟ ಚೆಂದವಾಗುತ್ತದೆ ಎಂದ ಕೂಡಲೇ ಬದಲಾಯಿತು. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಲಿ. ನ್ಯಾಯದ ಮಾತನ್ನು ನ್ಯಾಯ ಎಂದು ಹೇಳಿದರೆ ಕೇಳದವರು, ಆಟದ ಮಾತೆಂದು ಹೇಳಿದರೆ ಕೇಳುತ್ತಾರೆ. ನನಗೆ ಅದರಿಂದ ಸಂತೋಷವಾಯಿತೇ ಎಂದು ಕೇಳಿದರೆ, ಇಲ್ಲ. ದಣಿವಾಯಿತು.

ಬಾವುಟ ಇನ್ನು ಬೇಕಾಗಿರಲಿಲ್ಲ. ಆ ಸುದ್ದಿಯನ್ನು ಫಕೀರವ್ವನಿಗೆ ಹೇಳುವ ಕೆಲಸ ನನ್ನದಾಯಿತು. ದಾರಿ ಉಳಿಸುವ ಹುರುಪಿನಲ್ಲಿ ಆಕೆಯ ಕೆಲಸದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ದಿಬ್ಬ ಹತ್ತಿ ಹೋದೆ. ಆಕೆಯೇ ಬಾವುಟದ ಬಟ್ಟೆಯನ್ನು ಬಡಿಗೆಯಿಂದ ಬಿಚ್ಚತೊಡಗಿದಳು.

"ನೀ ಮಂದಿನ್ನ ಎಡಕ್ಕ ಹೊಡಸಾಕತ್ತಿದೆಲ್ಲ, ಆವಾಗ ನನಗ ತಿಳೀತು. ಈ ಕೆಲಸ ಹೊಕ್ಕೈತಿ ಅಂತ."

"ಮತ್ತ ಯಾಕ ಒಂದು ಮಾತು ಹೇಳಲಿಲ್ಲ ಅಕ್ಕ?"

"ಹೇಳಿದ್ರ ನೀ ನಿಲ್ಲಸತಿದ್ದಿ," ಅಂದಳು.

ಬಟ್ಟೆ ಮಡಚಿ ನನ್ನ ಕೈಗೆ ಕೊಟ್ಟು ಇಳಿದು ಹೋದಳು. ಮರುವಾರದಿಂದ ಅದೇ ದಾರಿಯಲ್ಲಿ ಹುಲ್ಲು ಹೊತ್ತು ಹೋಗುವುದು ಕಾಣಿಸಿತು.

ಇದನ್ನೆಲ್ಲ ಖಾದರಸಾಬರಿಗೆ ಹೇಳಬೇಕೆಂದು ಒಂದು ದಿನ ಸವಣೂರಿಗೆ ಹೋದೆ. ಎಲೆ ತೋಟದ ನೆರಳಿನಲ್ಲಿ ಕುಳಿತು ಎಲೆ ಕಟ್ಟು ಕಟ್ಟುತ್ತಿದ್ದರು. ಪೂರ್ತಿ ಕೇಳಿದರು. ಕೈ ನಿಲ್ಲಿಸಲಿಲ್ಲ.

"ಪಿಂಚಿ ಸಾಹೇಬ ಏನಂದ?" ಎಂದು ಕೇಳಿದರು.

"ಏನೂ ಅನ್ನಲಿಲ್ರಿ. ಈಗ ಅವರೂ ಎಡಕ್ಕ ಹೊಡೀತಾರ."

"ನೆನಪೂ ಇಲ್ಲ ಅನ್ನು."

ಸೆಕ್ರೆಟರಿ ಸಾಹೇಬರ ಹತ್ತಿರ ನಾನು ಮಾತಾಡುತ್ತೇನೆ, ತಿರುಗಿ ಬರ್ರಿ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬಳ್ಳಿಗೆ ನೀರು ಬಿಟ್ರ ಎಲಿ ಬರ್ತೈತಿ. ಅದಕ್ಕ ಯಾರಿಗೂ ಸಾಕ್ಷಿ ಹೇಳಬೇಕಾಗಿಲ್ಲ," ಅಂದರು. ಹೊರಡುವಾಗ ಒಂದು ಕಟ್ಟು ಎಲೆ ಕೊಟ್ಟರು. ಎರಡನೆಯ ಮಹಾಯುದ್ಧ ಮುಗಿಯುವ ಮುಂಚೆಯೇ ತೀರಿಕೊಂಡರು ಎಂದು ಹತ್ತಿಮತ್ತೂರಿನ ಒಬ್ಬ ಗಾಡಿಯವನಿಂದ ನನಗೆ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ.

ಇನ್ನು ಉಳಿದ ಕುಳಿಗಳು. ಏಳನೆಯದು ನೆಟ್ಟಗೆ ಕೆಳಕ್ಕೆ. ಹೊಡೆಯುವುದಲ್ಲ, ಚೆಂಡನ್ನು ಬಿಡುವುದು ಅಂತ ತಿಳಿದುಕೊಳ್ಳಬೇಕು. ಎಂಟನೆಯದು ಮತ್ತೆ ಏರು, ಅದೂ ಕಾಲು ಸೋತ ಹೊತ್ತಿನಲ್ಲಿ. ಅಲ್ಲಿ ಕೋಲಿನ ಮಾತು ಆಡಬೇಡಿ. ನೀರು ಕುಡಿಸಿ, ಸ್ವಲ್ಪ ನಿಲ್ಲಿಸಿ. ಯುದ್ಧದ ವರ್ಷಗಳಲ್ಲಿ ಹೊಸ ಚೆಂಡು ಬರುತ್ತಿರಲಿಲ್ಲ. ಹಳೆಯವಕ್ಕೇ ಬಿಳಿ ಬಣ್ಣ ಬಳಿದು ಕೊಡುತ್ತಿದ್ದೆ. ಏರಿನಲ್ಲಿ ಅವು ಕಲ್ಲಿನಷ್ಟು ಭಾರವಾಗಿ ಬೀಳುತ್ತಿದ್ದವು. ಪೆಟ್ರೋಲೂ ಇಲ್ಲ, ಆಡುವವರೂ ಕಡಿಮೆ. 'ಚಲೇಜಾವ್' ಚಳವಳಿಯ ದಿನಗಳಲ್ಲಿ ಬಂಗಲೆಯ ಬಾಗಿಲು ವಾರಗಟ್ಟಲೆ ಮುಚ್ಚಿರುತ್ತಿತ್ತು. ನಾನು ಒಬ್ಬನೇ ಮರಳಿನ ವೃತ್ತಗಳನ್ನು ಗುಡಿಸಿ ಬರುತ್ತಿದ್ದೆ. ಯಾರೂ ಆಡದ ಮೈದಾನವನ್ನು ಯಾಕೆ ಗುಡಿಸುತ್ತೀರಿ ಎಂದು ಹೆಂಡತಿ ಕೇಳುತ್ತಿದ್ದಳು. ಮರುದಿನ ಮತ್ತೆ ಪೊರಕೆ ಹಿಡಿದು ಹೊರಡುತ್ತಿದ್ದೆ. ಒಂಬತ್ತನೆಯದು ಬಂಗಲೆಯ ಎದುರಿಗೇ ಬಂದು ಮುಗಿಯುತ್ತದೆ. ವರಾಂಡದಲ್ಲಿ ಕುಳಿತವರು ನೋಡುತ್ತಾರೆಂದು ಎಲ್ಲರೂ ಅಲ್ಲಿ ಜೋರಾಗಿ ಹೊಡೆದು ಕೆಡಿಸಿಕೊಳ್ಳುತ್ತಾರೆ. ವರಾಂಡದ ಕಡೆ ನೋಡಬೇಡಿ ಎಂದು ಹೇಳಿ. ಕೇಳುವುದಿಲ್ಲ, ಆದರೂ ಹೇಳಿ.

ಸ್ವಾತಂತ್ರ್ಯ ಬಂದ ವರ್ಷ ಸಾಹೇಬರುಗಳು ಒಬ್ಬೊಬ್ಬರಾಗಿ ಹೊರಟರು. ಸೆಕ್ರೆಟರಿ ಸಾಹೇಬರು ಹೋಗುವಾಗ ನನ್ನ ಕೈ ಕುಲುಕಿ ಬಹಳ ಹೊತ್ತು ಬಿಡಲಿಲ್ಲ. ಪಿಂಚಿ ಸಾಹೇಬರು ಯಾವಾಗ ಹೋದರೋ ತಿಳಿಯಲಿಲ್ಲ. ಗುಡ್ಡ ದನ ಮೇಯಿಸಲು ಬಿಡುವುದೆಂದು ಆಯಿತು. ಕುಳಿಗಳ ಗೂಟಗಳನ್ನು ಕಿತ್ತು ಬಂಗಲೆಗೆ ಒಪ್ಪಿಸುವುದು ನನ್ನ ಕೊನೆಯ ಕೆಲಸ.

ಒಂದು ಮುಂಜಾನೆ ಕೀಳುತ್ತ ಕೀಳುತ್ತ ಆರನೆಯದಕ್ಕೆ ಬಂದಾಗ ಫಕೀರವ್ವ ಹೊರೆ ಹೊತ್ತು ಬರುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಿಂತಳು.

"ಎಲ್ಲಾ ಕೀಳಾಕತ್ತೀಯೇನು?"

"ಹೂಂ ಅಕ್ಕ. ಮುಗೀತು."

ಹೊರೆ ಇಳಿಸಲು ಕೈ ಕೊಡು ಅಂದಳು. ಇಳಿಸಿದೆ.

"ಚೆಂಡು ಐತೇನು? ನಾನೊಮ್ಮೆ ಹೊಡದು ನೋಡತೇನಿ. ಆ ಪಿಂಚಿ ಎಲ್ಲಿ ನಿಂತಿದ್ದ, ಆ ಜಾಗಾ ತೋರಸು."

ಹಳೆಯ ಜಾಗಕ್ಕೆ ಕರೆದುಕೊಂಡು ಹೋದೆ. ಹೆಗಲ ಚೀಲದಲ್ಲಿದ್ದ ಬಣ್ಣ ಹೋದ ಒಂದು ಚೆಂಡು ಇಟ್ಟು, ಅದರಲ್ಲಿದ್ದ ಒಂದು ಕೋಲು ಕೈಗೆ ಕೊಟ್ಟು, ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದೆ: ಕಾಲು ಅಗಲ ಇಡು, ಹಿಡಿತ ಸಡಿಲ ಇರಲಿ, ಕಣ್ಣು ಚೆಂಡಿನ ಮೇಲೆ. ಕೊನೆಯ ಮಾತು ಬಾಯಿಂದ ಬಂದ ಮೇಲೆ ನನಗೆ ಕಸಿವಿಸಿಯಾಯಿತು. ಆಕೆ ಗಮನಿಸಲಿಲ್ಲ. ಕುಡುಗೋಲು ಬೀಸುವ ಹಾಗೆ ಬೀಸಿದಳು. ತಾಗಲಿಲ್ಲ. ಎರಡನೆಯ ಸಲ ತಾಗಿತು. ಚೆಂಡು ಒಣಹುಲ್ಲಿನಲ್ಲಿ ಉರುಳಿ, ದಿಬ್ಬದ ಬುಡಕ್ಕೂ ಮುಟ್ಟದೆ, ಸ್ವಲ್ಪ ದೂರದಲ್ಲಿ ನಿಂತಿತು.

ಫಕೀರವ್ವ ನಡೆದು ಹೋಗಿ ಅದರ ಮುಂದೆ ನಿಂತಳು. ಬಗ್ಗಿ ನೋಡಿದಳು. ದಿಬ್ಬದ ಕಡೆಗೆ ನೋಡಿದಳು.

"ಇದು ಆ ಕಡಿಗೆ ಹೋದ್ರ ಏನಾಕ್ಕೈತಿ?"

"ಚಲೋ ಹೊಡತ ಅಂತಾರ."

"ಮತ್ತ?"

"ಮತ್ತೇನಿಲ್ಲ ಅಕ್ಕ. ಅಷ್ಟ."

ಆಕೆ ಕೋಲನ್ನು ನನಗೆ ತಿರುಗಿ ಕೊಟ್ಟಳು. ಸೆರಗನ್ನು ಸರಿಮಾಡಿಕೊಂಡಳು.

"ಇಷ್ಟಕ್ಕ ಹೋತು ನನ್ನ ಕಣ್ಣು," ಅಂದಳು.

ಇಬ್ಬರೂ ದಾರಿಗೆ ತಿರುಗಿ ಬಂದೆವು. ಹೊರೆ ಎತ್ತಿ ಆಕೆಯ ತಲೆಯ ಮೇಲಿಟ್ಟೆ.